ಚಾಕೊಲೇಟ್ ಮೊದಲು ಬಂತು, ಯಜಮಾನ ಆಮೇಲೆ

ಗುರುವಾರ

ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಪವೆಲ್ ಸ್ಟೇಷನ್‌ನಲ್ಲಿ ಇಳಿದೆವು. ನಾನು, ನಮ್ಮವರು, ಜೊತೆಗೆ ತಮ್ಮನ ಮಗಳು. ತಮ್ಮನಿಗೆ ಆಫೀಸು, ಹುಡುಗಿಗೆ ಕಾಲೇಜು ರಜೆ. ಹಾಗಾಗಿ ನಮ್ಮನ್ನು ತಿರುಗಿಸುವ ಕೆಲಸ ಅವಳ ತಲೆಗೆ ಬಿದ್ದಿತ್ತು. "ಅತ್ತೆ, ಮೊದಲು ಗೋಲ್ಡನ್ ಗೇಟ್ ಸೇತುವೆ ನೋಡೋಣ್ವಾ?" ಎಂದು ಕೇಳಿದ್ದಳು. "ಸೇತುವೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಆ ಚಾಕೊಲೇಟಿನವನ ಜಾಗ ತೋರಿಸು" ಎಂದರು ನಮ್ಮವರು.

ಅದಕ್ಕೆ ಕಾರಣ ಇದೆ. ಪುತ್ತೂರು ಕಡೆ ನಮ್ಮದು ಅಡಿಕೆ ತೋಟ, ಅದರ ನಡುವೆ ಕೊಕ್ಕೋ ಗಿಡಗಳು. ಅಳಿಲು ತಿಂದು ಬಿಟ್ಟದ್ದು ನಮಗೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆಯೂ ಇದೆ. ತಮ್ಮ ಊರಿಗೆ ಬರುವಾಗಲೆಲ್ಲ ಗಿರಾರ್ಡೆಲ್ಲಿ ಚಾಕೊಲೇಟ್ ತರುತ್ತಾನೆ. ಪೊಟ್ಟಣದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ, 1852 ಎಂದು ಬರೆದಿರುತ್ತದೆ. ಅದನ್ನು ನೋಡಿದಾಗೆಲ್ಲ ಇವರದ್ದು ಒಂದೇ ಪ್ರಶ್ನೆ. ಒಂದು ಕೊಕ್ಕೋ ಗಿಡವೂ ಇಲ್ಲದ ಆ ಊರಿನಲ್ಲಿ, ಆ ಕಾಲದಲ್ಲಿ, ಇದನ್ನು ಶುರು ಮಾಡಿದವನು ಯಾರು?

ಪವೆಲ್‌ನಿಂದ ಕೇಬಲ್ ಕಾರು. ಹುಡುಗಿ ಹೊರಗೆ ಕಂಬ ಹಿಡಿದು ನೇತಾಡಿದಳು, ನಾವಿಬ್ಬರು ಒಳಗೆ ಗಟ್ಟಿಯಾಗಿ ಕೂತೆವು. ಹೈಡ್ ಬೀದಿಯ ಇಳಿಜಾರಿಗೆ ಬಂದಾಗ ಕಡಲು ಕಂಡಿತು, ಮಧ್ಯದಲ್ಲಿ ಆಲ್ಕಟ್ರಾಜ್ ದ್ವೀಪ. ಕೊನೆಯ ನಿಲ್ದಾಣದಲ್ಲಿ ಇಳಿದರೆ ಎಡಗಡೆಗೇ ಗಿರಾರ್ಡೆಲ್ಲಿ ಸ್ಕ್ವೇರ್. ಕೆಂಪು ಇಟ್ಟಿಗೆಯ ಕಟ್ಟಡಗಳು, ಮೂಲೆಯಲ್ಲಿ ಗಡಿಯಾರ ಗೋಪುರ, ಮಾಡಿನ ಮೇಲೆ ಕಡಲಿನಿಂದಲೂ ಕಾಣುವ ದೊಡ್ಡ ಅಕ್ಷರಗಳ ಹೆಸರು. ಒಳಗೆ ಅಂಗಡಿ, ಹೋಟೆಲು, ಐಸ್‌ಕ್ರೀಮು. ಬಿಸಿ ಚಾಕೊಲೇಟ್ ಸುರಿದ, ಸಂಡೇ ಎಂಬ ಐಸ್‌ಕ್ರೀಮ್ ಒಂದನ್ನು ಮೂವರೂ ಸೇರಿ ಖಾಲಿ ಮಾಡಲು ಒದ್ದಾಡಿದೆವು.

ಕಾರಂಜಿಯ ಹತ್ತಿರ ಕೂತು ಹುಡುಗಿ ಜಾಗದ ಕಥೆ ಹೇಳಿದಳು. ಇಲ್ಲಿ ಮೊದಲು ಇದ್ದದ್ದು ಉಣ್ಣೆಯ ಗಿರಣಿ. ಅದರ ಕಟ್ಟಡ 1864ರದ್ದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಬಟ್ಟೆಗೂ ಕಂಬಳಿಗೂ ಇಲ್ಲಿಂದ ಉಣ್ಣೆ ಹೋಗುತ್ತಿತ್ತು. ಗಿರಾರ್ಡೆಲ್ಲಿಯ ಮಕ್ಕಳು ಈ ಜಾಗ ಕೊಂಡದ್ದು 1893ರಲ್ಲಿ. ಅಪ್ಪ 1892ರಲ್ಲೇ ವ್ಯವಹಾರ ಬಿಟ್ಟುಕೊಟ್ಟಾಗಿತ್ತು. 1894ರ ಜನವರಿಯಲ್ಲಿ ಇಟಲಿಯ ತನ್ನ ಹುಟ್ಟೂರಿನಲ್ಲಿ ತೀರಿಕೊಂಡ. ಗಡಿಯಾರ ಗೋಪುರ ಬಂದದ್ದು ಅದಾಗಿ 20 ವರ್ಷಗಳ ಮೇಲೆ. 1960ರ ದಶಕದ ಶುರುವಿನಲ್ಲಿ ಕಂಪನಿ ಬೇರೆಯವರ ಕೈಗೆ ಹೋಗುವ ಹೊತ್ತಿಗೆ ಇಲ್ಲಿ ಬಹುಮಹಡಿ ಕಟ್ಟಡ ಏಳುವ ಹೆದರಿಕೆ ಇತ್ತು. ವಿಲಿಯಂ ರಾತ್ ಎಂಬವರು 1962ರಲ್ಲಿ ಇಡೀ ಜಾಗ ಕೊಂಡು, ಹಳೆ ಗೋಡೆ ಕೆಡವದೆ ಅಂಗಡಿ ಸಾಲು ಮಾಡಿಸಿದರು. 1964ರಲ್ಲಿ ಅದು ತೆರೆಯಿತು. ಹಳೆ ಕಾರ್ಖಾನೆಯನ್ನು ಹೀಗೆ ಉಳಿಸಿ ಪೇಟೆ ಮಾಡುವುದು ಆಗ ಹೊಸ ವಿಷಯ.

ನಾವು ಕೂತಿದ್ದ ಕಾರಂಜಿಯಲ್ಲಿ ಮಗುವಿಗೆ ಹಾಲುಣಿಸುವ ಮತ್ಸ್ಯಕನ್ಯೆ ಇದ್ದಾಳೆ. ರೂತ್ ಅಸಾವಾ ಎಂಬ ಕಲಾವಿದೆ 1968ರಲ್ಲಿ ಮಾಡಿದ್ದು. ಚೌಕದ ಅಂಗಳ ರೂಪಿಸಿದ ಲಾರೆನ್ಸ್ ಹಾಲ್ಪ್ರಿನ್‌ಗೆ ಇದು ಒಂಚೂರೂ ಹಿಡಿಸಿರಲಿಲ್ಲ, ದೊಡ್ಡ ಜಗಳವೇ ಆಯಿತು. ಜನರಿಗೆ ಹಿಡಿಸಿತು, ಉಳಿಯಿತು. ನನಗೂ ಆ ಚೌಕದಲ್ಲಿ ಹೆಚ್ಚು ಇಷ್ಟವಾದದ್ದು ಅದೇ.

"ಹಾಗಾದ್ರೆ ಆ ಮನುಷ್ಯ ಇಲ್ಲಿ ಒಂದು ದಿನವೂ ವ್ಯಾಪಾರ ಮಾಡಿಲ್ಲ ಅಂತಾಯ್ತಲ್ಲ ಮಾರಾಯ್ತಿ?" ಎಂದರು ಇವರು. ಹೌದು. ಹೆಸರು ಇಲ್ಲಿ, ಮನುಷ್ಯ ಬೇರೆಲ್ಲೋ. ಇವರಿಗೆ ಹಟ ಬಂತು. ಸಂಜೆ ಮನೆಯಲ್ಲಿ ತಮ್ಮ ಮ್ಯಾಪ್ ತೆಗೆದು ಕೂತ.

ಶುಕ್ರವಾರ

ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ, ಆದರೆ ಈ ಸಲ ಪ್ರವಾಸಿಗರು ಕಡಿಮೆ ಬರುವ ಜಾಕ್ಸನ್ ಬೀದಿ. ಚೂಪು ತುದಿಯ ಟ್ರಾನ್ಸ್‌ಅಮೆರಿಕಾ ಪಿರಮಿಡ್ ಕಟ್ಟಡದ ಹತ್ತಿರ. ಎರಡು ಮೂರು ಮಹಡಿಯ ಹಳೆ ಇಟ್ಟಿಗೆ ಕಟ್ಟಡಗಳು ಸಾಲಾಗಿ ನಿಂತಿವೆ. 1906ರ ಭೂಕಂಪ, ಬೆಂಕಿ ಎರಡನ್ನೂ ದಾಟಿ ಉಳಿದ ಸಾಲು ಇದು. ಇದರಲ್ಲೇ ಒಂದು ವಿಸ್ಕಿ ಗೋದಾಮೂ ಇತ್ತು. ಊರಿನ ಚರ್ಚುಗಳು ಸುಟ್ಟುಹೋಗಿ ವಿಸ್ಕಿ ಮಾತ್ರ ಉಳಿದದ್ದಕ್ಕೆ ಆಗಿನವರು ನಕ್ಕದ್ದೇ ನಕ್ಕದ್ದು.

ಈ ಸಾಲಿನಲ್ಲೇ ಗಿರಾರ್ಡೆಲ್ಲಿಯ ಕಾರ್ಖಾನೆ ಇತ್ತು. ಮಕ್ಕಳು ಕಡಲ ಬದಿಗೆ ಹೋಗುವ ತನಕ ದಶಕಗಳ ಕಾಲ ಕೆಲಸ ನಡೆದದ್ದು ಇಲ್ಲಿ. ಈಗ ಒಳಗೆ ಚಂದದ ದುಬಾರಿ ಅಂಗಡಿಗಳು. ಕೊಕ್ಕೋ ಪರಿಮಳ ಹೋಗಲಿ, ಹೊರಗೆ ನಿಂತು ಕಿಟಕಿಗೆ ಮುಖ ಒತ್ತಿ ನೋಡಿದರೆ ಒಳಗಿನವರು ಗಾಬರಿಯಾಗುತ್ತಾರೆ. ನಮ್ಮವರು ಗೋಡೆಯ ಇಟ್ಟಿಗೆ ಮುಟ್ಟಿ ನೋಡಿ "ಇದು ಸರಿ" ಎಂದರು.

ಪಕ್ಕದ ಕಾಫಿ ಅಂಗಡಿಯಲ್ಲಿ ಕೂತು ಈತನ ಕಥೆಯನ್ನು ಮೊದಲಿನಿಂದ ಓದಿದೆವು. ಡೊಮೆನಿಕೊ ಗಿರಾರ್ಡೆಲ್ಲಿ ಹುಟ್ಟಿದ್ದು 1817ರಲ್ಲಿ, ಜಿನೋವಾ ಹತ್ತಿರದ ರಪಾಲ್ಲೊ ಎಂಬ ಕಡಲೂರಿನಲ್ಲಿ. ಇಟಲಿ ಆಗ ಒಂದು ದೇಶವೇ ಆಗಿರಲಿಲ್ಲ. ಹುಡುಗನಾಗಿದ್ದಾಗ ಜಿನೋವಾದ ರೊಮಾನೆಂಗೊ ಎಂಬ ಮಿಠಾಯಿ ಮನೆಯಲ್ಲಿ ಕೆಲಸ ಕಲಿತ. ಆ ಅಂಗಡಿ ಇವತ್ತಿಗೂ ಇದೆ. 20 ವರ್ಷಕ್ಕೆ ಮದುವೆಯಾಗಿ ಹಡಗು ಹತ್ತಿ ಉರುಗ್ವೆಗೆ ಹೋದ. ಮರುವರ್ಷ ದಕ್ಷಿಣ ಅಮೆರಿಕದ ತುದಿ ಸುತ್ತಿ ಪೆರು ದೇಶದ ಲಿಮಾ ತಲುಪಿದ. ಅಲ್ಲೊಂದು ಮಿಠಾಯಿ ಅಂಗಡಿ ಇಟ್ಟ. ಅಲ್ಲಿನವರ ನಾಲಿಗೆಗೆ ಒಗ್ಗುವಂತೆ ಡೊಮೆನಿಕೊ ಹೋಗಿ ಡೊಮಿಂಗೊ ಆದ. ಮೊದಲ ಹೆಂಡತಿ 1846ರಲ್ಲಿ ತೀರಿಕೊಂಡಳು. ಮರುವರ್ಷ ಕಾರ್ಮೆನ್ ಎಂಬ ವಿಧವೆಯನ್ನು ಮದುವೆಯಾದ. ಲಿಮಾದಲ್ಲಿ ಅಂಗಡಿ ಚೆನ್ನಾಗಿಯೇ ಇತ್ತು. ಅಲ್ಲಿಂದ ಏಳುವ ಹಾಗೆ ಮಾಡಿದ್ದು ಪಕ್ಕದ ಅಂಗಡಿಯ ಬಡಗಿ. ಅವನ ಕಥೆಗೆ ಭಾನುವಾರ ಬರುತ್ತೇನೆ.

ಇಲ್ಲಿ ಹೇಳಬೇಕಾದದ್ದು ಒಂದು ಚೀಲದ ವಿಷಯ. ಕೊಕ್ಕೋ ಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬು, ಅಂದರೆ ಕೊಕ್ಕೋ ಬೆಣ್ಣೆ. ಹುರಿದು ಅರೆದರೆ ಅದು ಎಣ್ಣೆಯಂತೆ ಇಳಿಯುತ್ತದೆ. ಹಾಲಿಗೋ ನೀರಿಗೋ ಹಾಕಿದರೆ ಮೇಲೆ ಜಿಡ್ಡು ತೇಲುತ್ತದೆ. ಹಾಲೆಂಡಿನ ವಾನ್ ಹೌಟನ್ ಮನೆತನದವರು 1828ರಲ್ಲೇ ಯಂತ್ರದಿಂದ ಒತ್ತಿ ಕೊಬ್ಬು ತೆಗೆಯುವುದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅದಕ್ಕೆ ಭಾರೀ ಒತ್ತುಯಂತ್ರ ಬೇಕು. 1865ರ ಸುಮಾರಿಗೆ ಗಿರಾರ್ಡೆಲ್ಲಿಯ ಕಾರ್ಖಾನೆಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರೆದ ಕೊಕ್ಕೋವನ್ನು ಬಟ್ಟೆ ಚೀಲದಲ್ಲಿ ತುಂಬಿ ಬೆಚ್ಚಗಿನ ಕೋಣೆಯಲ್ಲಿ ತೂಗುಹಾಕಿದರೆ ಬೆಣ್ಣೆ ತನ್ನಷ್ಟಕ್ಕೇ ತೊಟ್ಟಿಕ್ಕಿ ಇಳಿದುಹೋಗುತ್ತದೆ. ಚೀಲದಲ್ಲಿ ಉಳಿದದ್ದನ್ನು ಪುಡಿ ಮಾಡಿದರೆ ಆಯಿತು. ಇದಕ್ಕೆ ಬ್ರೋಮಾ ವಿಧಾನ ಎನ್ನುತ್ತಾರೆ. ಇದನ್ನು ಕಂಡುಹಿಡಿದವನು ಯಜಮಾನನಲ್ಲ, ಒಬ್ಬ ಕೆಲಸಗಾರ ಎಂದು ಹೇಳುತ್ತಾರೆ.

"ಎಷ್ಟು ಬಿಸಿ ಬೇಕು?" ಎಂದು ಹುಡುಗಿ ಕೇಳಿದಳು. ಜಾಸ್ತಿ ಬೇಡ. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಮೈಬಿಸಿಗಿಂತ ತುಸು ಕಮ್ಮಿ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾದ ತೆಂಗಿನೆಣ್ಣೆಯನ್ನು ಬಿಸಿಲಿಗೆ ಇಡುತ್ತೇವಲ್ಲ, ಲೆಕ್ಕ ಅದೇ. ಪುತ್ತೂರಿನ ಏಪ್ರಿಲ್‌ನಲ್ಲಾದರೆ ಕೋಣೆಯೂ ಬೇಡ, ಜಗಲಿ ಸಾಕು. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಆ ಚಳಿ ಚಾಕೊಲೇಟಿಗೆ ಒಳ್ಳೆಯದೇ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಡಿಟ್ಟ ಮಾಲು ಕರಗದೆ ಉಳಿಯಲು ಇದಕ್ಕಿಂತ ಒಳ್ಳೆ ಊರು ಸಿಗುವುದು ಕಷ್ಟ.

ಈ ಪುಡಿಯಿಂದಲೇ ವ್ಯಾಪಾರ ಬೆಳೆಯಿತು. 1866ರಲ್ಲಿ ಕಂಪನಿ ತರಿಸುತ್ತಿದ್ದ ಕೊಕ್ಕೋ ಬೀಜ ಬರೀ 1,000 ಪೌಂಡು. 1885ರ ಹೊತ್ತಿಗೆ ವರ್ಷಕ್ಕೆ ಸುಮಾರು 4,50,000 ಪೌಂಡು. ನಮ್ಮವರು ಅದನ್ನು ಕಿಲೋಗೆ ತಿರುಗಿಸಿ, ಎರಡು ಲಕ್ಷ ಚಿಲ್ಲರೆ ಎಂದು ಟಿಶ್ಯೂ ಕಾಗದದ ಮೇಲೆ ಬರೆದುಕೊಂಡರು.

ಶನಿವಾರ

ತಮ್ಮನಿಗೆ ರಜೆ. ಬೆಳಿಗ್ಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಕಾರಿನಲ್ಲಿ ಹೊರಟೆವು. ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳನ್ನು ದಾಟಿದ ಮೇಲೆ ನೆಲ ಚಪ್ಪಟೆ, ಬಿಸಿಲು ಚುರುಕು. ಸ್ಟಾಕ್ಟನ್ ತಲುಪಿದಾಗ ಸ್ವೆಟರ್ ಎಲ್ಲ ಡಿಕ್ಕಿಗೆ ಹೋಯಿತು.

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿ 1849ರಲ್ಲಿ ಲೋಕದ ಜನವೆಲ್ಲ ಇತ್ತ ನುಗ್ಗಿತು. ಗಿರಾರ್ಡೆಲ್ಲಿಯೂ ಕುಟುಂಬವನ್ನು ಲಿಮಾದಲ್ಲೇ ಬಿಟ್ಟು ಬಂದ. ಬಂದವನು ಎಲ್ಲರ ಹಾಗೆ ಮೊದಲು ಮಣ್ಣು ಬಗೆದ. ಸೊನೋರಾ, ಜೇಮ್ಸ್‌ಟೌನ್ ಕಡೆ ಕೆಲವು ತಿಂಗಳು ಹುಡುಕಿ, ಅದು ತನ್ನ ಕೆಲಸ ಅಲ್ಲ ಎಂದು ಗೊತ್ತಾಯಿತು. ಸ್ಟಾಕ್ಟನ್‌ನಲ್ಲಿ ಒಂದು ಡೇರೆ ಹಾಕಿ ಅಂಗಡಿ ತೆರೆದ.

ಜಾಗದ ಆಯ್ಕೆ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ದೋಣಿ ಬರುವುದು ನದಿಯಲ್ಲಿ ಇಲ್ಲಿಯ ತನಕ. ಇಲ್ಲಿಂದ ಮುಂದೆ ದಕ್ಷಿಣದ ಗಣಿಗಳಿಗೆ ಹೇಸರಗತ್ತೆ, ಗಾಡಿ. ಗಣಿಗೆ ಹೋಗುವವನೂ ಬರುವವನೂ ಇಲ್ಲಿ ನಿಲ್ಲಲೇಬೇಕು. ಗುದ್ದಲಿ, ಹಿಟ್ಟು, ಕಾಫಿ, ಸಿಹಿ, ಎಲ್ಲಕ್ಕೂ ಗಿರಾಕಿ. ಕಾಸಿನ ಬದಲು ಚಿನ್ನದ ಪುಡಿ ತೂಗಿ ಕೊಡುತ್ತಿದ್ದ ಕಾಲ ಅದು. ತಿಂಗಳುಗಟ್ಟಲೆ ಒಣ ಮಾಂಸ, ಬೀನ್ಸು ತಿಂದು ನಾಲಿಗೆ ಸತ್ತವನಿಗೆ ಒಂದು ಲೋಟ ಬಿಸಿ ಚಾಕೊಲೇಟಿನ ಬೆಲೆ ಕೇಳುವ ತಾಳ್ಮೆ ಎಲ್ಲಿರುತ್ತದೆ?

ಡೇರೆ ಇದ್ದ ಊರಿನಲ್ಲಿ ಡೇರೆಯ ಗುರುತು ಹುಡುಕುವುದು ಸುಮ್ನೆ. ನಾವು ನದಿ ದಂಡೆ ನೋಡಿ ಗುರುದ್ವಾರಕ್ಕೆ ಹೋದೆವು. ಅಮೆರಿಕದ ಮೊದಲ ಗುರುದ್ವಾರ ಇದು, 1912ರದ್ದು. ಪಂಜಾಬಿನಿಂದ ಹೊಲದ ಕೆಲಸಕ್ಕೆ ಬಂದವರು ಕಟ್ಟಿದ್ದು. ಗದರ್ ಪಕ್ಷದವರು ಬ್ರಿಟಿಷರ ವಿರುದ್ಧ ಮಾತಾಡಿಕೊಂಡ ಜಾಗವೂ ಹೌದು. ಚಾಕೊಲೇಟಿಗೂ ಇದಕ್ಕೂ ಸಂಬಂಧ ಇಲ್ಲ. ಆದರೂ ಸ್ಟಾಕ್ಟನ್ ತನಕ ಹೋದವರು ಇದನ್ನು ಬಿಟ್ಟು ಬರಬಾರದು. ಕೈಮುಗಿದು ಚಹಾ ಕುಡಿದು ಹೊರಟೆವು.

ಮಧ್ಯಾಹ್ನ ಹಾರ್ನಿಟೋಸ್. ಮರ್ಸೆಡ್ ದಾಟಿ ಬೆಟ್ಟದ ಬುಡಕ್ಕೆ ಹೋಗಬೇಕು. ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಓಕ್ ಮರ. ಒಂದು ಕಾಲದಲ್ಲಿ ಚಿನ್ನ, ಜೂಜು, ಗುಂಡು ಹಾರಿಸುವವರಿಂದ ತುಂಬಿದ್ದ ಊರಂತೆ. ಈಗ ಬೆರಳೆಣಿಕೆಯ ಮನೆಗಳು. ರಸ್ತೆ ಬದಿಯಲ್ಲಿ ಗಿರಾರ್ಡೆಲ್ಲಿ ಅಂಗಡಿಯ ಗೋಡೆಗಳು ನಿಂತಿವೆ. ಮೇಲೆ ಮಾಡು ಇಲ್ಲ. ಕಲ್ಲು, ಮಣ್ಣಿನ ಇಟ್ಟಿಗೆ, ಒಳಗೆ ಹುಲ್ಲು. ನನಗೆ ಈ ಇಡೀ ತಿರುಗಾಟದಲ್ಲಿ ಆ ಮನುಷ್ಯ ಹತ್ತಿರವಾಗಿ ಕಂಡದ್ದು ಇಲ್ಲೇ. ಗಿರಾಕಿ ಎಲ್ಲಿದ್ದಾನೋ ಅಲ್ಲಿಗೆ ಹೋಗಿ ಗೋಡೆ ಎಬ್ಬಿಸುವ ಜಾತಿ. ಬಾಗಿಲಿನ ಜಾಗದಲ್ಲಿ ನಿಂತು ನೋಡಿದರೆ ಗಣಿಗೆ ಹೋಗುವ ದಾರಿ ಎದುರಿಗೇ.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. 1851ರ ಮೇ ಮೊದಲ ವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಬೆಂಕಿ ಬಿತ್ತು. ಊರಿನ ಮುಕ್ಕಾಲು ಪಾಲು ಬೂದಿ. ಅಲ್ಲಿ ಆತ ತೆರೆದಿದ್ದ ಅಂಗಡಿಯೂ ಹೋಯಿತು. ಕೆಲವೇ ದಿನಗಳಲ್ಲಿ ಸ್ಟಾಕ್ಟನ್‌ನಲ್ಲೂ ಬೆಂಕಿ, ಅಲ್ಲಿಯ ಅಂಗಡಿಯೂ ಹೋಯಿತು. ಉಳಿದ ಹಣದಲ್ಲಿ ಒಂದು ಕಾಫಿ ಅಂಗಡಿ ಇಟ್ಟ, ಅದು ನಡೆಯಲಿಲ್ಲ. 1852ರಲ್ಲಿ ಪಾಲುದಾರನೊಬ್ಬನನ್ನು ಸೇರಿಸಿಕೊಂಡು ಮತ್ತೆ ಚಾಕೊಲೇಟಿಗೆ ಕೈಹಾಕಿದ. ಪೊಟ್ಟಣದ ಮೇಲಿರುವ ಇಸವಿ ಇದೇ. ಅಂದರೆ ಅದು ಅಂಗಡಿ ಇಟ್ಟ ಮೊದಲ ವರ್ಷ ಅಲ್ಲ, ಸುಟ್ಟ ಮೇಲೆ ಎದ್ದ ವರ್ಷ.

ಭಾನುವಾರ

ಈಗ ಬಡಗಿಯ ಕಥೆ. ಇವತ್ತಿನ ದಾರಿ ಸ್ಯಾನ್ ಹೋಸೆಯಿಂದ ಮೌಂಟ್ ಹ್ಯಾಮಿಲ್ಟನ್‌ಗೆ. ನನಗೆ ತಿರುವು ದಾರಿಯಲ್ಲಿ ವಾಂತಿ ಬರುತ್ತದೆ. ನಿಂಬೆಹಣ್ಣು ಕೈಯಲ್ಲೇ ಇತ್ತು. 1870ರ ದಶಕದಲ್ಲಿ ಕುದುರೆ ಗಾಡಿಗಳಲ್ಲಿ ಸಾಮಾನು ಹೊರಿಸಲೆಂದು ಮಾಡಿದ ರಸ್ತೆ. ಏರು ಮೆಲ್ಲಗಿರಲಿ ಎಂದು ಬೆಟ್ಟವನ್ನು ಸುತ್ತಿಸಿ ಸುತ್ತಿಸಿ ಹಾಕಿದ್ದಾರೆ. ಕುದುರೆಗಳಿಗೆ ಒಳ್ಳೆಯದಾಯಿತು, ನನಗಲ್ಲ.

ಜೇಮ್ಸ್ ಲಿಕ್ ಪೆನ್ಸಿಲ್ವೇನಿಯಾದವನು, 1796ರಲ್ಲಿ ಹುಟ್ಟಿದ್ದು. ಬಡಗಿ ಕೆಲಸ, ಆಮೇಲೆ ಪಿಯಾನೊ ಮಾಡುವ ಕೆಲಸ. ಹುಡುಗನಾಗಿದ್ದಾಗ ಗಿರಣಿ ಯಜಮಾನನ ಮಗಳನ್ನು ಕೇಳಿದ. ನಿನಗೂ ನನ್ನಂಥ ಗಿರಣಿ ಆದ ಮೇಲೆ ಬಾ ಎಂದು ಅವಳಪ್ಪ ಓಡಿಸಿದನಂತೆ. ಲಿಕ್ ಬ್ಯೂನೋಸ್ ಐರಿಸ್, ವಾಲ್ಪರೈಸೊ ಎಂದು ಸುತ್ತಿ ಲಿಮಾಕ್ಕೆ ಬಂದು ಗಿರಾರ್ಡೆಲ್ಲಿಯ ಪಕ್ಕದಲ್ಲಿ ಅಂಗಡಿ ಇಟ್ಟ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಸಿರಿವಂತನಾದಾಗ ಒಂದು ಹಿಟ್ಟಿನ ಗಿರಣಿ ಕಟ್ಟಿಸಿದ. ಒಳಗೆಲ್ಲ ಮಹಾಗನಿ ಮರ. ಹಟ ಅಂದರೆ ಅದು.

1848ರ ಜನವರಿ 7ರಂದು ಲಿಕ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ. ಚಿನ್ನ ಸಿಗಲು ಇನ್ನೂ 17 ದಿನ ಇತ್ತು. ಅವನ ಜೊತೆ ಇದ್ದದ್ದು 30,000 ಡಾಲರ್ ಬೆಲೆಯ ಚಿನ್ನ, ಬಡಗಿಯ ಸಲಕರಣೆ, ಮತ್ತೆ ಪಕ್ಕದ ಅಂಗಡಿಯ 600 ಪೌಂಡ್ ಚಾಕೊಲೇಟ್. ಆಗ ಚಾಕೊಲೇಟ್ ಎಂದರೆ ಹೆಚ್ಚಾಗಿ ಕುಡಿಯುವ ವಸ್ತು. ಕಚ್ಚಿ ತಿನ್ನುವ ಬಾರು ಇಂಗ್ಲೆಂಡಿನಲ್ಲಿ ಬಂದದ್ದೇ ಹಿಂದಿನ ವರ್ಷ. 270 ಕಿಲೋ ಚಾಕೊಲೇಟ್ ಬೇಗ ಖರ್ಚಾಯಿತು. ನೀನೂ ಹೊರಟು ಬಾ ಎಂದು ಲಿಕ್ ಲಿಮಾಕ್ಕೆ ಹೇಳಿ ಕಳಿಸಿದ. ಮಾಲು ಮೊದಲು ಬಂತು, ಮಾರುಕಟ್ಟೆ ನೋಡಿತು, ಆಮೇಲೆ ಯಜಮಾನ ಬಂದ. ಸಾಮಾನ್ಯವಾಗಿ ವಲಸೆ ಹೋಗುವವನು ಮೊದಲು ಹೋಗುತ್ತಾನೆ, ಊರಿನ ತಿಂಡಿ ಹಿಂದಿನಿಂದ ಬರುತ್ತದೆ, ಅಲ್ವಾ? ತಮ್ಮನಿಗೆ ಅಮ್ಮ ಉಪ್ಪಿನಕಾಯಿ ಕಳಿಸುತ್ತಿದ್ದ ಹಾಗೆ. ಇಲ್ಲಿ ತಿರುಗಾಮುರುಗಾ.

ಲಿಕ್ ಚಿನ್ನ ಅಗೆಯಲಿಲ್ಲ. ಅಗೆಯಲು ಓಡುತ್ತಿದ್ದವರಿಂದ ನೆಲ ಕೊಂಡ. ಅದರಲ್ಲೇ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸಿರಿವಂತರಲ್ಲಿ ಒಬ್ಬನಾದ. ಮುಪ್ಪಿನಲ್ಲಿ ತನಗಾಗಿ ಊರ ನಡುವೆ ಈಜಿಪ್ಟಿನದ್ದಕ್ಕಿಂತ ದೊಡ್ಡ ಪಿರಮಿಡ್ ಕಟ್ಟಿಸುವ ಯೋಚನೆ ಮಾಡಿದ್ದ. ಯಾರೋ ಪುಣ್ಯಾತ್ಮರು ಮನಸ್ಸು ತಿರುಗಿಸಿದರು. ಕೊನೆಗೆ ದೂರದರ್ಶಕಕ್ಕೆ 7 ಲಕ್ಷ ಡಾಲರ್ ಬರೆದಿಟ್ಟು 1876ರಲ್ಲಿ ಸತ್ತ.

ಆ ದೂರದರ್ಶಕ ಬೆಟ್ಟದ ನೆತ್ತಿಯಲ್ಲಿದೆ. ಮಸೂರದ ಅಗಲ 36 ಇಂಚು. 1888ರಲ್ಲಿ ಅದು ಶುರುವಾದಾಗ ಮಸೂರದ ದೂರದರ್ಶಕಗಳಲ್ಲಿ ಲೋಕಕ್ಕೇ ದೊಡ್ಡದು. ಗುರುಗ್ರಹದ ಐದನೆಯ ಚಂದ್ರ 1892ರಲ್ಲಿ ಕಂಡದ್ದು ಇದರಿಂದಲೇ. ಗುಮ್ಮಟದ ಒಳಗೆ ಮರದ ನೆಲವೇ ಲಿಫ್ಟಿನಂತೆ ಮೇಲೆ ಕೆಳಗೆ ಹೋಗುತ್ತದೆ. ನೋಡುವವನು ಏಣಿ ಹತ್ತುವುದು ಬೇಡ, ನೆಲವೇ ಅವನನ್ನು ಎತ್ತುತ್ತದೆ. ದೂರದರ್ಶಕದ ಕಂಬದ ಬುಡದಲ್ಲಿ ಲಿಕ್‌ನನ್ನು ಹೂತಿದ್ದಾರೆ. ನಮ್ಮವರು ಗೋರಿ ಫಲಕದ ಎದುರು ನಿಂತು "ಆ 600 ಪೌಂಡಿನಲ್ಲಿ ಇವನು ಎಷ್ಟು ಕಮಿಷನ್ ಇಟ್ಟುಕೊಂಡನೋ" ಎಂದರು. ಇಳಿಯುವಾಗ ನಿಂಬೆಹಣ್ಣು ಕೆಲಸ ಮಾಡಲಿಲ್ಲ.

ಸೋಮವಾರ

ಓಕ್ಲೆಂಡ್‌ನ ಮೌಂಟನ್ ವ್ಯೂ ಸ್ಮಶಾನ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಓಲ್ಮ್‌ಸ್ಟೆಡ್ ಇದನ್ನೂ ರೂಪಿಸಿದ್ದು. ಗುಡ್ಡದ ಮೇಲೆ ಸಿರಿವಂತರ ಗೋರಿಗಳದ್ದೇ ಸಾಲು. ರಪಾಲ್ಲೊದಲ್ಲಿ ಸತ್ತ ಗಿರಾರ್ಡೆಲ್ಲಿಯ ದೇಹವನ್ನು ಇಲ್ಲಿಗೆ ತಂದು ಕುಟುಂಬದ ಗೋರಿಯಲ್ಲಿ ಇಟ್ಟರು. ಆತನ ಸಂಸಾರ ಇದ್ದದ್ದೂ ಓಕ್ಲೆಂಡ್‌ನಲ್ಲೇ. ದೊಡ್ಡ ಮನೆ ಇತ್ತು. 1870ರ ದಶಕದ ಕುಸಿತದಲ್ಲಿ ಸಾಲ ಏರಿ ಆಸ್ತಿ ಮಾರಬೇಕಾಯಿತು. ಆಮೇಲೆ ಕಂಪನಿಯನ್ನು ಮೇಲೆತ್ತಿದ್ದು ಗಂಡು ಮಕ್ಕಳನ್ನು ಪಾಲುದಾರರನ್ನಾಗಿ ಮಾಡಿಕೊಂಡು.

ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಸಿವಾಗಿತ್ತು, ಸ್ಯಾನ್ ಲಿಯಾಂಡ್ರೊ ದಾರಿಯಲ್ಲೇ ಇತ್ತು. ಈಗ ನಿಜವಾದ ಕಾರ್ಖಾನೆ ಇರುವುದು ಅಲ್ಲಿ. 1963ರಲ್ಲಿ ಕಂಪನಿಯನ್ನು ಕೊಂಡದ್ದು ಪಾಸ್ತಾ ಮಾಡುವ ಗೋಲ್ಡನ್ ಗ್ರೇನ್, ಅದೂ ಇಟಲಿಯಿಂದ ಬಂದವರ ಮನೆತನದ್ದು. ಅವರು 1967ರಲ್ಲಿ ತಯಾರಿಕೆಯನ್ನು ಇಲ್ಲಿಗೆ ತಂದರು. 1998ರಿಂದ ಸ್ವಿಟ್ಜರ್ಲೆಂಡಿನ ಲಿಂಡ್ಟ್ ಯಜಮಾನ. ಕಾರ್ಖಾನೆಯ ಒಳಗೆ ನಮ್ಮಂಥವರಿಗೆ ಪ್ರವೇಶ ಇಲ್ಲ. ಪಕ್ಕದಲ್ಲಿ ಅಂಗಡಿ ಇದೆ. ಆದರೆ ಕಾರಿನಿಂದ ಇಳಿದ ಕೂಡಲೇ ಹುರಿದ ಕೊಕ್ಕೋದ ವಾಸನೆ ಬಂತು. ನಮ್ಮವರು ಅಲ್ಲೇ ನಿಂತು ಮೂಗರಳಿಸಿದರು. ಚೌಕದಲ್ಲೂ ಜಾಕ್ಸನ್ ಬೀದಿಯಲ್ಲೂ ಸಿಗದದ್ದು ಇಲ್ಲಿ ಪಾರ್ಕಿಂಗ್ ಜಾಗದಲ್ಲಿ ಸಿಕ್ಕಿತು.

ಹುಡುಗಿ ಕೇಕಿಗೆಂದು ಕೊಕ್ಕೋ ಪುಡಿ ಆರಿಸಿದಳು. ಹಾಲೆಂಡ್ ಪದ್ಧತಿಯ ಪುಡಿಯಲ್ಲಿ ಕ್ಷಾರ ಸೇರಿಸಿ ಹುಳಿ ಕಳೆದಿರುತ್ತಾರಂತೆ. ಸೇರಿಸದ ಪುಡಿಯಾದರೆ ಹುಳಿ ಉಳಿದಿರುತ್ತದೆ, ಅಡುಗೆ ಸೋಡಾ ಜೊತೆ ಸೇರಿ ಕೇಕು ಉಬ್ಬುತ್ತದೆ. ಇದನ್ನೆಲ್ಲ ಅವಳು ನನಗೆ ಹೇಳುತ್ತಿರುವಾಗ ನಮ್ಮವರು ನೂರಕ್ಕೆ 92 ಕೊಕ್ಕೋ ಇರುವ ಬಾರು ಒಡೆದು ಬಾಯಿಗೆ ಹಾಕಿಕೊಂಡಿದ್ದರು. "ಇದು ನೋಡು, ನಮ್ಮ ಬೀಜ ಒಣಗಿಸಿ ಹುರಿದಾಗ ಬರುವ ರುಚಿ" ಎಂದು ಎಲ್ಲರಿಗೂ ಹಂಚಿದರು. ಹುಡುಗಿ ಒಂದು ಚೂರು ತಿಂದು "ಮಾವ, ಇದು ಕಷಾಯ!" ಎಂದು ನೀರಿಗೆ ಓಡಿದಳು. ತಮ್ಮ ಮರ್ಯಾದೆಗೆ ನುಂಗಿದ. ಇವರು ಬುಟ್ಟಿಗೆ ಆರು ಬಾರು ಹಾಕಿದರು. ವಿಮಾನದಲ್ಲಿ ಪೆಟ್ಟಿಗೆಗೆ 23 ಕಿಲೋ ಮಾತ್ರ, ಅದರಲ್ಲಿ ಆಗಲೇ ನಾದಿನಿ ಕೊಟ್ಟ ಪಾತ್ರೆಗಳಿವೆ. ನಾನು ನಾಲ್ಕನ್ನು ಮೆಲ್ಲಗೆ ತೆಗೆದು ವಾಪಸ್ ಕಪಾಟಿನಲ್ಲಿಟ್ಟೆ.